ಅಳಿಯಂದಿರು ನನ್ನ ಎಂಜಲು ಕೇಳಿದ್ದು

ಪ್ರತಿಯೊಂದು ಮನೆಗೂ ಒಬ್ಬ ಖಾಯಂ ತಪ್ಪಿತಸ್ಥರು ಬೇಕು. ಹಾಲು ಒಡೆದರೆ, ಗ್ಯಾಸು ಅರ್ಧ ಅಡುಗೆಯಲ್ಲಿ ತೀರಿದರೆ, ಟಿ.ವಿ. ರಿಮೋಟು ಕಾಣೆಯಾದರೆ ತಕ್ಷಣ ನೆನಪಿಸಿಕೊಳ್ಳುವುದಕ್ಕೆ ಒಬ್ಬರು ಇರಬೇಕು. ಇಲ್ಲದಿದ್ದರೆ ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಅನುಮಾನಿಸಬೇಕಾಗಿ ಬಂದು ಸಂಸಾರ ಹಾಳಾಗುತ್ತದೆ. ಅದಕ್ಕೇ ಬುದ್ಧಿವಂತರು ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ಇಟ್ಟುಕೊಂಡಿರುತ್ತಾರೆ. ಖರ್ಚು ಹೆಚ್ಚಿಲ್ಲ, ಎರಡು ಹೊತ್ತು ಊಟ, ಒಂದು ಲೋಟ ಕಾಫಿ. ಮೇಲಾಗಿ ನನ್ನಂಥವಳಾದರೆ ಎದುರು ಮಾತೂ ಇಲ್ಲ. ನನಗೆ ಚಿಕ್ಕಂದಿನಿಂದಲೂ ಮಾತಾಡುವುದೆಂದರೆ ಸಂಕೋಚ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ಏಟು ತಿಂದವಳು ನಾನು. ಬಾಯಿ ಬಿಡುವುದಕ್ಕಿಂತ ಏಟೇ ವಾಸಿ ಅನ್ನಿಸುತ್ತಿತ್ತು. ಈಗಲೂ ಹೇಳಬೇಕಾದದ್ದನ್ನೆಲ್ಲ ಹೀಗೆ ಬರೆದಿಡುತ್ತೇನೆ. ಪವಿ, ರಘು, ನೀವಿಬ್ಬರೂ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ಮಹಾರಾಯರು. ಬೇಸಗೆ ರಜೆಯಲ್ಲಿ ಅಮ್ಮ ಕಲಿಸಿದ ಅಕ್ಷರ ಮರೆಯುವುದರೊಳಗೆ ಇದನ್ನು ಓದಿಕೊಂಡರೆ, ನಿಮ್ಮ ಮನೆಯಲ್ಲಿ ಒಂದು ಹುಳದ ದೆಸೆಯಿಂದ ಏನೆಲ್ಲ ಆಯಿತು ಅನ್ನುವುದು ಗೊತ್ತಾಗುತ್ತದೆ.

ಮೊದಲು ನಿಮ್ಮಪ್ಪನಿಗೂ ನನಗೂ ಇರುವ ಸಂಬಂಧ ಹೇಳಬೇಕು. ಸಂಬಂಧ ತುಂಬ ಚೆನ್ನಾಗಿದೆ, ಏಕೆಂದರೆ ನಾವಿಬ್ಬರೂ ಮಾತಾಡುವುದಿಲ್ಲ. ಶಿರಾ ಕಡೆಯ ನಮ್ಮ ಹಳ್ಳಿಯಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ನಿಮ್ಮ ತಾತ ಅಳಿಯನಾಗಿ ಬಂದಾಗ ನಮ್ಮಮ್ಮ ಬಾಗಿಲ ಹಿಂದೆ ನಿಂತು, "ಊಟಕ್ಕೆ ಏಳಬೇಕಂತೆ" ಎಂದು ಕಂಬಕ್ಕೆ ಹೇಳುತ್ತಿದ್ದಳು. ಕಂಬ ಏಳುತ್ತಿರಲಿಲ್ಲ, ತಾತ ಏಳುತ್ತಿದ್ದರು. ಆ ತಾತ ರೈಲ್ವೆ ಕೆಲಸಕ್ಕೆಂದು ನನ್ನನ್ನು ಮದ್ರಾಸಿಗೆ ಕರೆತಂದು, ಊರಿನ ಹೆಸರು ಚೆನ್ನೈ ಎಂದಾದ ಮೇಲೆ ತಾವು ಹೊರಟುಹೋದರು. ನಾನು ಪುರಸೈವಾಕ್ಕಂನಲ್ಲಿದ್ದ ಮಗಳ ಮನೆಗೆ ಬಂದೆ. ಅದು ಚಿಕ್ಕ ಫ್ಲ್ಯಾಟು. ಮರೆಯಾಗಿ ನಿಲ್ಲೋಣವೆಂದರೆ ಅಡುಗೆಮನೆಗೆ ಬಾಗಿಲೇ ಇಲ್ಲ, ಒಂದು ಪರದೆ ಮಾತ್ರ. ಹಾಗಾಗಿ ನಾನು "ಕಾಫಿ ಆಗಿದೆಯಂತೆ" ಎಂದು ಫ್ರಿಡ್ಜಿಗೆ ಹೇಳುವುದು, ನಿಮ್ಮಪ್ಪ "ಬಂದೆ" ಎಂದು ಪೇಪರಿಗೆ ಹೇಳುವುದು. ನಿಮ್ಮಮ್ಮ ವಸುಧಾ ಬ್ಯಾಂಕಿನಿಂದ ಬಂದ ಮೇಲೆ ಉಳಿದ ಸಂದೇಶಗಳೆಲ್ಲ ಅವಳ ಮೂಲಕ ಹೋಗುತ್ತಿದ್ದವು. ಇಷ್ಟು ವ್ಯವಸ್ಥಿತವಾಗಿ ನಡೆಯುತ್ತಿದ್ದ ಮನೆಗೆ ಹುಳ ಬಂತು.

ನಿಮ್ಮಪ್ಪ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ವರ್ಷಗಟ್ಟಲೆ ಕಪ್ಪೆ ಕೊಯ್ದು ತೋರಿಸಿದ್ದು ಸಾಲದೆ, ತಲೆ ಅರ್ಧ ಬಿಳಿಯಾದ ಮೇಲೆ ಡಾಕ್ಟರೇಟ್ ಮಾಡುವ ಹುಚ್ಚು ಹಿಡಿಯಿತು. ಅದಿಲ್ಲದೆ ಬಡ್ತಿ ಇಲ್ಲವಂತೆ. ಹುಲಿ, ಆನೆ, ಕಡೇಪಕ್ಷ ನವಿಲಿನ ಮೇಲೆ ಮಾಡಬಹುದಿತ್ತು, ಹೇಳಿಕೊಳ್ಳುವುದಕ್ಕಾದರೂ ಚೆನ್ನಾಗಿರುತ್ತಿತ್ತು. ನಿಮ್ಮಪ್ಪ ಆರಿಸಿಕೊಂಡದ್ದು ಕೆರೆಕುಂಟೆಯ ನೀರಿನ ಹುಳಗಳನ್ನು. ಭಾನುವಾರ ಬೆಳಗ್ಗೆ ಊರಿಗೆ ಊರೇ ಸೀರೆ ಪಾತ್ರೆ ಕೊಳ್ಳಲು ನಮ್ಮ ಬೀದಿಗೆ ನುಗ್ಗುತ್ತಿದ್ದರೆ, ಇವರು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಉದ್ದ ಕೋಲಿನ ಬಲೆ ಹಿಡಿದು, ಆ ಜನರ ನಡುವೆ ಎದುರು ಈಜಿಕೊಂಡು ಹೊರಗೆ ಹೋಗುತ್ತಿದ್ದರು. ಕೆಳಗಿನ ವಾಚ್‌ಮನ್, "ಎನ್ನ ಸಾರ್, ಕಾಸಿಮೇಡಾ? ಎನ್ನ ಮೀನು?" ಎಂದು, ಮೀನು ಬಂದರಿಗೆ ಹೊರಟವರೆಂದುಕೊಂಡು, ಭಕ್ತಿಯಿಂದ ಕೇಳುತ್ತಿದ್ದ. ಈರುಳ್ಳಿಗೂ ಹಿಂದೆಮುಂದೆ ನೋಡುವ ಮನೆತನದ ಅಳಿಯ, ಕೇಳಿಸಲಿಲ್ಲ ಎನ್ನುವಂತೆ ನಡೆದುಬಿಡುತ್ತಿದ್ದರು. ಸಂಜೆ ಮಣಲಿ ಕಡೆಯ ಯಾವುದೋ ಕುಂಟೆಯಿಂದ ಬಂದರೆ ಮೈಯೆಲ್ಲ ಸೀಮೆಎಣ್ಣೆ ವಾಸನೆ. ಅಲ್ಲಿ ಎಣ್ಣೆ ಕಾರ್ಖಾನೆಗಳ ಮಗ್ಗುಲಲ್ಲೇ ನೀರಂತೆ. ಆ ನೀರಿನಲ್ಲೂ ಬದುಕಿ ಮರಿ ಹಾಕುತ್ತದೆ ಎಂದರೆ ಆ ಹುಳದ ಜೀವ ಸರ್ಕಾರಿ ನೌಕರಿಗಿಂತ ಗಟ್ಟಿ.

ತಂದ ಹುಳಗಳೆಲ್ಲ ಸ್ಪಿರಿಟ್ ತುಂಬಿದ ಸಣ್ಣ ಶೀಶೆಗಳಲ್ಲಿ ನಮ್ಮ ಫ್ರಿಡ್ಜಿನೊಳಗೆ ವಾಸಕ್ಕೆ ಬಂದವು. ಕೊತ್ತಂಬರಿ ಸೊಪ್ಪಿಗೆ ಜಾಗವಿಲ್ಲ. ದೋಸೆ ಹಿಟ್ಟು ಹೊರಗೆ ಕುಳಿತು ಹುಳಿ ಬರಬೇಕು. ಐಸ್‌ಕ್ರೀಮ್ ಇಡುವ ಕಡೆ ಮಣಲಿಯ ಮರಿಗಳು ತಣ್ಣಗೆ ಮಲಗಿದ್ದವು. ನಾನು ಒಂದು ದಿನ ತಡೆಯಲಾರದೆ, "ವಸು, ಕಣ್ಣಿಗೆ ಕಾಣೋ ಹುಳದ ಕಾಲು ಕಿತ್ತು ಯಾಕೆ ಪರೀಕ್ಷೆ ಮಾಡಬೇಕಂತೆ, ಕೇಳೇ" ಎಂದೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದವರು, "ಮರಿಯಾಗಿದ್ದಾಗ ಎಲ್ಲಾ ಒಂದೇ ಥರ ಕಾಣ್ತವೆ ಅಂತ ಹೇಳು. ರೆಕ್ಕೆ ಬಂದ ಮೇಲೇನೇ ಯಾವುದು ಯಾವ ಜಾತಿ ಅಂತ ತಿಳಿಯೋದು. ಕಾಲಲ್ಲಿರೋ ಡಿ.ಎನ್.ಎ. ಓದಿದ್ರೆ ಮರಿಯಲ್ಲೇ ತಿಳಿಯುತ್ತೆ. ಅಂಗಡೀಲಿ ಸೋಪಿನ ಮೇಲೆ ಕಪ್ಪು ಗೆರೆ ಇರುತ್ತಲ್ಲ, ಮಿಷನ್ನು ಅದನ್ನ ನೋಡಿ ಯಾವ ಸೋಪು ಅಂತ ಹೇಳಲ್ವಾ, ಹಾಗೆ" ಎಂದರು. ನಡುವೆ ಕೂತಿದ್ದ ನಿಮ್ಮಮ್ಮ ಇಬ್ಬರ ಮುಖವನ್ನೂ ನೋಡಿ, "ಕೇಳಿಸ್ತಲ್ಲ?" ಎಂದಳು. ನಿಮ್ಮಪ್ಪ ಇನ್ನೊಂದು ವಿಷಯವನ್ನೂ ಹೇಳಿದರು. ಈ ಗೆರೆ ಬರುವುದು ತಾಯಿಯಿಂದ ಮಾತ್ರವಂತೆ, ತಂದೆಯದು ಲೆಕ್ಕಕ್ಕೇ ಇಲ್ಲವಂತೆ. ನನಗೆ ಬಹಳ ಸಮಾಧಾನವಾಯಿತು. ನಮ್ಮಲ್ಲಿ ಗೋತ್ರ ಕೇಳುವಾಗ ತಾಯಿಯ ಹೆಸರು ಯಾರೂ ಎತ್ತುವುದಿಲ್ಲ. ಹೊತ್ತು ಹೆತ್ತವಳಿಗೆ ಒಂದಿಷ್ಟು ಮರ್ಯಾದೆ ಕೊಡುವವರು ಹುಳಗಳ ಪೈಕಿಯಾದರೂ ಇದ್ದಾರಲ್ಲ.

ಈ ಕೆಲಸಕ್ಕೆ ಒಂದು ಮಡಿ ಇದೆ ನೋಡಿ, ಅದನ್ನು ಕಂಡು ನಾನು ಬೆರಗಾಗಿಬಿಟ್ಟೆ. ನಿಮ್ಮಪ್ಪ ಮದುವೆಯಾದ ಹೊಸದರಲ್ಲಿ ನಿಮ್ಮಮ್ಮನಿಂದ ನಮ್ಮತ್ತೆಯ ಮಡಿಯ ಕಥೆ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು, ಅದೆಲ್ಲ ಅಜ್ಞಾನ ಎಂದಿದ್ದರು. ಈಗ ಅವರ ಪ್ರಯೋಗಶಾಲೆಯಲ್ಲಿ ಬೆರೆಸುವ ಕೋಣೆ ಬೇರೆ, ಬೇಯಿಸಿದ್ದನ್ನು ತೆರೆಯುವ ಕೋಣೆ ಬೇರೆ. ಆ ಕೋಣೆಗೆ ಹೋದವರು ಈ ಕೋಣೆಗೆ ಹಾಗೇ ಬರುವಂತಿಲ್ಲ. ಕೈಗವಸು ಹಾಕಿದ ಕೈಯಲ್ಲಿ ಕೆನ್ನೆ ಕೆರೆದುಕೊಂಡರೆ ಕೈಗವಸು ಮೈಲಿಗೆ, ಬಿಸಾಡಿ ಹೊಸದು ಹಾಕಬೇಕು. ಒಬ್ಬರು ಮುಟ್ಟಿದ ಚಿಮಟ ಇನ್ನೊಬ್ಬರು ಮುಟ್ಟುವಂತಿಲ್ಲ. ನಮ್ಮತ್ತೆ ಬದುಕಿದ್ದರೆ ಅವರಿಗೆ ಆ ಶಾಲೆಯಲ್ಲಿ ಕೆಲಸ ಖಂಡಿತ ಸಿಗುತ್ತಿತ್ತು. ಮನೆಯಲ್ಲೂ ಹಾಗೆಯೇ. ನಿಮ್ಮಪ್ಪ ಊಟದ ಮೇಜಿನ ಮೇಲೆ ಬಿಳಿ ಟ್ರೇ ಇಟ್ಟುಕೊಂಡು ಹುಳ ವಿಂಗಡಿಸಲು ಕೂತರೆ ನಾವು ಯಾರೂ ಆ ಕಡೆ ಸುಳಿಯುವಂತಿಲ್ಲ. ನೀವಿಬ್ಬರೂ ಮೇಜಿನಡಿ ನುಸುಳಿದರೆ ಬೈಗುಳ. ನಾನು ನೀರು ಕುಡಿಯಲು ಹೋದರೂ ಗೋಡೆಗೆ ಅಂಟಿಕೊಂಡು ಹೋಗುತ್ತಿದ್ದೆ.

ಹೀಗಿರುವಾಗ, ನವರಾತ್ರಿ ಕಳೆದು ದೀಪಾವಳಿ ಮುಗಿದ ಮೇಲೆ, ನಿಮ್ಮಪ್ಪ ಒಂದು ಸಂಜೆ ಬಾಡಿದ ಮುಖ ಹೊತ್ತು ಮನೆಗೆ ಬಂದರು. ಬೂಟು ಕೂಡ ಬಿಚ್ಚಲಿಲ್ಲ.

"ಏನಾಯ್ತು ರೀ?" ಎಂದಳು ನಿಮ್ಮಮ್ಮ.

"ಒಂದು ಹುಳ ಮನುಷ್ಯ ಅಂತ ಬಂದಿದೆ."

ನಿಮ್ಮಮ್ಮ ನಕ್ಕಳು. ಅವರು ನಗಲಿಲ್ಲ. ಕಾಲು ಹುಳದ್ದೇ, ಆದರೆ ಅದರಿಂದ ಓದಿದ ಬರಹ ಮನುಷ್ಯರದು. ಅಂದರೆ ಯಾರದೋ ಬೆವರೋ ಉಗುಳೋ ಅದಕ್ಕೆ ಸೇರಿದೆ. ನಾನು ಪರದೆಯ ಈಚೆ ನಿಂತು, ಪುರಾಣದಲ್ಲಿ ಇದಕ್ಕಿಂತ ದೊಡ್ಡ ದೊಡ್ಡದು ನಡೆದಿದೆ, ಇದಕ್ಕೇಕೆ ಇಷ್ಟು ಗಾಬರಿ ಎಂದುಕೊಂಡೆ. ಆದರೆ ಗಾಬರಿಗೆ ಕಾರಣವಿತ್ತು. ಅವರ ಗೈಡ್ ಮೇಡಂ, ಈ ಎಂಜಲು ಪ್ರಯೋಗಶಾಲೆಯದಾದರೆ ಆ ದಿನದ ಕೆಲಸ ಮಾತ್ರ ಕೆಟ್ಟಂತೆ, ಮನೆಯದಾದರೆ ಮನೆಯಲ್ಲಿ ವಿಂಗಡಿಸಿದ ಒಂದು ಹುಳವನ್ನೂ ನಂಬುವಂತಿಲ್ಲ, ಎಲ್ಲ ಎಸೆಯಬೇಕು ಎಂದುಬಿಟ್ಟಿದ್ದರು. ಬೇರೆ ಕೆರೆಗಳಿಗೆ ಮತ್ತೆ ಹೋಗಬಹುದು. ಮಣಲಿಯ ಆ ಕುಂಟೆಗೆ ಹೋಗುವಂತಿರಲಿಲ್ಲ. ಅಷ್ಟರಲ್ಲಿ ಅದಕ್ಕೆ ಲಾರಿ ಲಾರಿ ಮಣ್ಣು ಸುರಿದು, ಮೇಲೆ ಗೋಡೌನು ಏಳುತ್ತಿತ್ತು. ಆ ಕುಂಟೆಯ ಹುಳ ಈ ಪ್ರಪಂಚದಲ್ಲಿ ಇನ್ನು ಇರುವುದು ನಮ್ಮ ಫ್ರಿಡ್ಜಿನಲ್ಲೇ. ಅದರಲ್ಲಿ ಒಂದು, ಇದುವರೆಗೆ ಯಾರೂ ಓದಿದ ಯಾವ ಗೆರೆಗೂ ಹೊಂದುತ್ತಿರಲಿಲ್ಲವಂತೆ. ನಿಮ್ಮಪ್ಪ ಇಷ್ಟು ವರ್ಷ ಕೆಸರು ತುಳಿದದ್ದಕ್ಕೆ ಸಿಕ್ಕ ಭಾಗ್ಯ ಅದೊಂದೇ. ವಿಶ್ವವಿದ್ಯಾಲಯದವರು ಮತ್ತೆ ಗಡುವು ಕೊಡುವುದಿಲ್ಲ ಎಂದೂ ಹೇಳಿಯಾಗಿತ್ತು. ಆ ರಾತ್ರಿ ನಿಮ್ಮಪ್ಪ ಸಾರಿಗೆ ಅನ್ನ ಕಲಸಿಕೊಂಡು ಹಾಗೇ ಎದ್ದುಹೋದರು.

ಪತ್ತೇದಾರಿ ಶುರುವಾಯಿತು. ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರ ಗೆರೆಗಳೆಲ್ಲ ಮೊದಲೇ ಓದಿಟ್ಟಿದ್ದರು, ಯಾವುದೂ ಪೂರ್ತಿ ಹೊಂದಲಿಲ್ಲ. ನಿಮ್ಮಪ್ಪ ತಮ್ಮದನ್ನೂ ಕೊಟ್ಟರು. ಅದೂ ಒಂದೆರಡು ಅಕ್ಷರ ಬೇರೆ. ಹಾಗಾದರೆ ಉಳಿದವರು ಯಾರು? ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನಾನು ಅಡುಗೆಮನೆಯಿಂದ ಹೊರಗೆ ಬಂದಾಗಲೆಲ್ಲ ಮಾತು ನಿಲ್ಲುತ್ತಿತ್ತು.

ಮರುದಿನ ನಿಮ್ಮಮ್ಮ ಬ್ಯಾಂಕಿಗೆ ಹೋದ ಮೇಲೆ ರಘು ಓಡಿ ಬಂದು, "ಅಜ್ಜಿ, ಅಪ್ಪಾವುಕ್ಕು ಉನ್ನೋಡ ಎಚ್ಚಿಲ್ ವೇಣುಮಾಂ!" ಎಂದ. ನನ್ನ ಎಂಜಲು ಅವನ ಅಪ್ಪನಿಗೆ ಬೇಕಂತೆ! ಮಗು ಏನೋ ತುಂಟತನ ಮಾಡುತ್ತಿದೆ ಎಂದು ನಾನು ಕಿವಿ ಹಿಂಡಿದೆ. ಅವನು ಅಳುತ್ತಾ ಹೋದ. ಸ್ವಲ್ಪ ಹೊತ್ತಿಗೆ ಪರದೆ ಅಲುಗಾಡಿತು. ಎರಡೂ ಕೈಗೆ ಗವಸು ಹಾಕಿಕೊಂಡು, ಹತ್ತಿ ಸುತ್ತಿದ ಒಂದು ಕಡ್ಡಿ ಹಿಡಿದು, ಸಾಕ್ಷಾತ್ ಅಳಿಯಂದಿರೇ ನಿಂತಿದ್ದರು.

"ಅತ್ತೆ... ತಪ್ಪು ತಿಳ್ಕೋಬಾರದು..."

ಮದುವೆಯಾದಂದಿನಿಂದ ಅವರು ನನ್ನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು. ಒಬ್ಬ ಅಳಿಯ ತನ್ನ ಅತ್ತೆಯನ್ನು ಮೊದಲ ಬಾರಿಗೆ ಮಾತಾಡಿಸುವಾಗ ಏನೇನೋ ಕೇಳಬಹುದು. ಆರೋಗ್ಯ ವಿಚಾರಿಸಬಹುದು, ಒಂದು ಲೋಟ ಮಜ್ಜಿಗೆ ಕೇಳಬಹುದು. ನನ್ನ ಅಳಿಯಂದಿರು ಎಂಜಲು ಕೇಳಿದರು. ನಮ್ಮೂರಲ್ಲಿ ಕಚ್ಚಿದ ಹಣ್ಣನ್ನು ಇನ್ನೊಬ್ಬರಿಗೆ ಕೊಟ್ಟರೆ ಕೈ ಮೇಲೆ ಏಟು ಬೀಳುತ್ತಿತ್ತು. ಅಂಥ ಊರಿನಿಂದ ಬಂದವಳು ನಾನು.

"ಬಾಯಿ ಮುಕ್ಕಳಿಸಿ ಬರಬೇಕಂತೇನು?" ಎಂದು ಫ್ರಿಡ್ಜನ್ನು ಕೇಳಿದೆ.

"ಬೇಡ ಅತ್ತೆ, ಮುಕ್ಕಳಿಸಲೇಬಾರದು."

"ಲವಂಗ ಇದೆ ಬಾಯಲ್ಲಿ."

"ಪರವಾಗಿಲ್ಲ. ಅದಕ್ಕೇನೂ ಆಗಲ್ಲ."

ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯಿ ತೆರೆದೆ. ಅತ್ತೆಯ ಬಾಯೊಳಗೆ ನೋಡುವುದು ಮರ್ಯಾದೆಯಲ್ಲ ಎಂದು ಅವರೂ ಮುಖ ಆ ಕಡೆ ತಿರುಗಿಸಿದರು. ಹಾಗಾಗಿ ಕಡ್ಡಿ ಮೊದಲು ನನ್ನ ಮೂಗಿಗೆ ಹೋಯಿತು. ನಾನು ಸೀನಿದೆ. ಆ ಕಡ್ಡಿ ಎಸೆದು ಇನ್ನೊಂದು ತಂದರು. ಪವಿ ಪರದೆಯ ಹಿಂದಿನಿಂದ, "ಅಪ್ಪಾ, ಕೀಳೇ, ಕೀಳೇ!" ಎಂದು ಇನ್ನೂ ಕೆಳಗೆ ಹಿಡಿಯಲು ದಾರಿ ತೋರಿಸುತ್ತಿದ್ದಳು. ಅಂತೂ ಕೆನ್ನೆಯ ಒಳಗೆ ಎರಡು ಸಲ ಉಜ್ಜಿ, ಕಡ್ಡಿಯನ್ನು ಶೀಶೆಗೆ ಹಾಕಿ ಮುಚ್ಚಿ, ಕೈಮುಗಿದು ಹೊರಟರು. ಅರಿಶಿನ ಕುಂಕುಮಕ್ಕೆ ಅಕ್ಕಪಕ್ಕದವರು ಬಂದಾಗ ನನ್ನನ್ನು ದಾಟಿಕೊಂಡು ನಿಮ್ಮಮ್ಮನನ್ನು ಕರೆಯುತ್ತಾರೆ, ವಿಧವೆ ನೋಡಿ. ಅವರನ್ನೆಲ್ಲ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬಂದದ್ದು ವಿಜ್ಞಾನ ಒಂದೇ. ಕಳ್ಳರನ್ನು ಪೊಲೀಸರು ಹುಡುಕಿಕೊಂಡು ಬರುವ ಹಾಗೆ.

ಆಮೇಲೆ ಯೋಚಿಸಿದಾಗ ಒಂದು ಹೊಳೆಯಿತು. ಗೆರೆ ತಾಯಿಯಿಂದ ಬರುವುದಾದರೆ ನನ್ನದು, ನಿಮ್ಮಮ್ಮನದು, ನಿಮ್ಮಿಬ್ಬರದು ನಾಲ್ಕೂ ಒಂದೇ. ಯಾರ ಬಾಯಿಗೆ ಕಡ್ಡಿ ಹಾಕಿದ್ದರೂ ಉತ್ತರ ಒಂದೇ ಬರುತ್ತಿತ್ತು. ಹಾಗಾದರೆ ನನ್ನದೇ ಏಕೆ? ನಿಮ್ಮಮ್ಮನಿಗೆ ಬಾಯಿ ಇರಲಿಲ್ಲವೆ? ಇತ್ತು, ಅದು ಎಂ.ಕಾಂ. ಓದಿದ ಬಾಯಿ, ಬ್ಯಾಂಕ್ ಆಫೀಸರಿನ ಬಾಯಿ. ಅದರಿಂದ ತಪ್ಪಾಗುತ್ತದೆಯೆ? ನಾನು ಫಲಿತಾಂಶ ಬರುವವರೆಗೆ ಮುನಿಸಿಕೊಳ್ಳಲು ನಿರ್ಧರಿಸಿದೆ. ಮಾತಾಡದವರು ಮುನಿಸಿಕೊಂಡರೆ ಒಂದು ಕಷ್ಟವಿದೆ, ಯಾರಿಗೂ ತಿಳಿಯುವುದಿಲ್ಲ. ಸಾರಿಗೆ ಉಪ್ಪು ಕಡಿಮೆ ಹಾಕಿ ನೋಡಿದೆ. ಡಾಕ್ಟರು ಹೇಳಿದರೇನೋ ಎಂದುಕೊಂಡು ಎಲ್ಲರೂ ಸುಮ್ಮನೆ ಉಂಡರು. ಕೊನೆಗೆ ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧಮಾಡಿದೆ. ನಾನು ಹುಳದ ಹತ್ತಿರ ಸುಳಿದವಳಲ್ಲ, ಮಾತೇ ಆಡದವಳ ಉಗುಳು ಹಾರುವುದಾದರೂ ಹೇಗೆ, ಆದರೂ ನಿಮಗೆ ಅನುಮಾನವಿದ್ದರೆ ನಾನು ಊರಲ್ಲಿರುವ ನನ್ನ ತಮ್ಮನ ಮನೆಗೆ ಹೋಗುತ್ತೇನೆ, ನಿಮ್ಮ ಹುಳಗಳು ಚೆನ್ನಾಗಿರಲಿ, ಎಂದು. ಪಾತ್ರೆ ತೊಳೆಯುವಾಗ ಹೇಳಿಕೊಂಡು ನೋಡಿದೆ. ನನಗೇ ಕಣ್ಣಲ್ಲಿ ನೀರು ಬಂತು, ಅಷ್ಟು ಚೆನ್ನಾಗಿತ್ತು.

ಫಲಿತಾಂಶ ಬಂದ ದಿನ ಎಲ್ಲರೂ ಊಟದ ಮೇಜಿನ ಸುತ್ತ ಇದ್ದೆವು. ನಿಮ್ಮಪ್ಪ ತಲೆ ಎತ್ತದೆ, "ಹೊಂದಿದೆ. ಮನೆಯದೇ. ಎಲ್ಲಾ ಎಸೀಬೇಕು" ಎಂದರು. ಧ್ವನಿ ಒಡೆದಿತ್ತು. ಎಲ್ಲರೂ ನನ್ನ ಕಡೆ ನೋಡಿದರು, ನೀವಿಬ್ಬರೂ ಕೂಡ. ಭಾಷಣಕ್ಕೆ ಇದೇ ಹೊತ್ತು ಎಂದು ಎದ್ದು ನಿಂತೆ. ಅಷ್ಟು ದೊಡ್ಡ ಭಾಷಣದಲ್ಲಿ ಹೊರಗೆ ಬಂದದ್ದು, "ಹಾಗಾದರೆ ನಾನು ಊರಿಗೆ ಹೋಗ್ತೀನಂತೆ" ಎಂಬಷ್ಟು ಮಾತ್ರ. ಅದೂ ಫ್ರಿಡ್ಜಿಗೆ.

"ಅಮ್ಮ, ನೀನು ಸುಮ್ನೆ ಕೂತ್ಕೋ" ಎಂದಳು ನಿಮ್ಮಮ್ಮ. ಅವಳ ಮುಖ ಕೆಂಪಾಗಿತ್ತು. "ರೀ, ಒಂದು ಮಾತು. ಬೈಬಾರದು. ಸರಸ್ವತಿ ಪೂಜೆ ದಿನ ಎದುರುಮನೆ ಮಾಮಿ ನಮ್ಮ ಗೊಂಬೆ ನೋಡೋಕೆ ಬಂದಿದ್ರಲ್ಲ. ಗೊಂಬೆ ಬಿಟ್ಟು ಈ ಮೇಜಿನ ಮುಂದೆ ನಿಂತ್ಕೊಂಡ್ರು. ನಿಮ್ಮ ಟ್ರೇಲಿ ಹುಳಗಳು ಸಾಲಾಗಿ ಇದ್ವು. 'ಅಡಡಾ, ಉಂಗ ವೀಟ್ಟುಕ್ಕಾರರ್ ಕೊಲು ನಮ್ಮ ಕೊಲುವೈವಿಡ ಅಳಗಾ ಇರುಕ್ಕೇ' ಅಂದ್ರು. ನಿಮ್ಮ ಯಜಮಾನರ ಗೊಂಬೆ ನಮ್ಮ ಗೊಂಬೆಗಿಂತ ಚೆಂದ ಅಂತ. ಆಯಮ್ಮನ ಕಣ್ಣು ಎಂಥದು ಅಂತ ಗೊತ್ತಲ್ಲ! ನಮ್ಮ ತುಳಸೀನ ಚೆನ್ನಾಗಿದೆ ಅಂದು ಹೋದ ವಾರದಲ್ಲೇ ಒಣಗ್ತು. ಅದಕ್ಕೇ..."

"ಅದಕ್ಕೆ?"

"ಅವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ತೂ ತೂ ತೂ ಅಂದೆ."

ನಿಮ್ಮಪ್ಪ ಆಗ ತಲೆ ಎತ್ತಿದರು. "ಉಗುಳಿದೆಯಾ? ನನ್ನ ಹುಳದ ಮೇಲೆ?"

"ಹುಳದ ಮೇಲಲ್ಲ ರೀ, ಆಯಮ್ಮನ ದೃಷ್ಟಿ ಮೇಲೆ."

"ಎಂ.ಕಾಂ. ಓದಿದ್ದೀಯಲ್ಲೇ!"

"ಎಂ.ಕಾಂ.ನಲ್ಲಿ ದೃಷ್ಟಿಗೆ ಬೇರೆ ದಾರಿ ಹೇಳ್ಕೊಟ್ಟಿರಲಿಲ್ಲ."

ನಿಮ್ಮಪ್ಪ ಇನ್ನೇನು ಸಿಡಿಯುತ್ತಾರೆ ಎನ್ನುವಾಗ ಥಟ್ಟನೆ ಎದ್ದು ನಿಂತರು. "ಸರಸ್ವತಿ ಪೂಜೆ ದಿನ ಅಂದೆಯಾ? ಅವತ್ತು ಮೇಜಿನ ಮೇಲಿದ್ದದ್ದು ಪುಳಲ್ ಕೆರೆಯ ಟ್ರೇ! ಮನುಷ್ಯ ಅಂತ ಬಂದದ್ದೂ ಅದರ ಹುಳಾನೇ! ಮಣಲೀದು ಅದಕ್ಕೆ ಮೊದಲೇ ಶೀಶೆಯಲ್ಲಿ ಹಾಕಿ ಮುಚ್ಚಿ ಆಗಿತ್ತು. ಒಂದೇ ಸಲ ತಾನೇ ಉಗುಳಿದ್ದು? ಯೋಚನೆ ಮಾಡಿ ಹೇಳು."

"ನಿಮ್ಮಾಣೆ, ಒಂದೇ ಸಲ. ಮೆಣಸಿನಕಾಯಿ ಘಾಟಿಗೆ ಆಮೇಲೆ ನನಗೇ ಕೆಮ್ಮು ಬಂತು."

ಹೀಗೆ ಮಣಲಿಯ ಹುಳಗಳ ಪ್ರಾಣ ಉಳಿಯಿತು. ಪ್ರಾಣ ಮೊದಲೇ ಹೋಗಿತ್ತು, ಮಾನ ಉಳಿಯಿತು ಎನ್ನಬೇಕು. ಗೈಡ್ ಮೇಡಂ ಮುಂದೆ ನಿಂತು ದೃಷ್ಟಿ ತೆಗೆದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವಾಗ ಅವರ ಮಾನ ಎಷ್ಟು ಉಳಿಯಿತೋ ನನಗೆ ತಿಳಿಯದು. ಮೇಡಂ ಪುಳಲ್ ಟ್ರೇಯನ್ನು ಮಾತ್ರ ಎಸೆಯಲು ಹೇಳಿ, ಉಳಿದವುಗಳಲ್ಲಿ ಕೆಲವನ್ನು ಮತ್ತೆ ಓದಿಸಿ ನೋಡಿದರು. ಹುಳ ಹುಳವಾಗಿಯೇ ಬಂದವು. ಥೀಸಿಸ್ಸಿನಲ್ಲಿ, ಮನೆಯ ಮೂಲದ ಕಲಬೆರಕೆಯಿಂದಾಗಿ ಕೆಲವನ್ನು ಕೈಬಿಡಲಾಗಿದೆ ಎಂದು ಒಂದು ಸಾಲು ಬರೆದಿದ್ದಾರಂತೆ. ಉಗುಳಿದ್ದು ನಿಮ್ಮಮ್ಮನಾದರೂ ಗೆರೆ ನನ್ನದಲ್ಲವೆ, ಮನೆಯ ಮೂಲ ಎಂದರೆ ನಾನೇ. ನಮ್ಮ ವಂಶದಿಂದ ಅಚ್ಚಾದ ಮೊದಲ ಸಂಗತಿ ಇದು.

ಎಲ್ಲರಿಗೂ ಸಂತೋಷ. ನಷ್ಟವಾದದ್ದು ನನಗೆ. ಅಷ್ಟು ಚೆನ್ನಾಗಿ ಮುನಿಸಿಕೊಂಡಿದ್ದೆ, ಭಾಷಣ ಬಾಯಿಪಾಠವಾಗಿತ್ತು, ನಿರಪರಾಧಿಯಾಗಿ ಊರಿಗೆ ಹೊರಡುವ ಸಂಭ್ರಮ ಇನ್ನೇನು ಕೈಗೆ ಬಂದಿತ್ತು. ನಿಮ್ಮಮ್ಮ ಒಂದು ಮಾತಿನಲ್ಲಿ ಕೆಡಿಸಿದಳು. ಮೇಲಾಗಿ, "ಅಮ್ಮ, ಇದೆಲ್ಲ ನಿನ್ನಿಂದ ಕಲಿತದ್ದೇ" ಎಂದು ಅಪವಾದವನ್ನು ಸುತ್ತಿ ತಂದು ನನ್ನ ಮಡಿಲಿಗೇ ಹಾಕಿದಳು. ನಿಮ್ಮಪ್ಪ ಮಾತ್ರ ಸಂಜೆ ಪರದೆಯ ಹತ್ತಿರ ಬಂದು, "ಅತ್ತೆ, ಇವತ್ತು ಕಾಫಿ ಚೆನ್ನಾಗಿದೆ" ಎಂದರು. ಗಂಡಸರು ಕ್ಷಮೆ ಕೇಳುವುದು ಹೀಗೆ ಎಂದು ನನಗೆ ಗೊತ್ತು. ಆವತ್ತು ಕಾಫಿ ಸೀದುಹೋಗಿತ್ತು.

ಇನ್ನು ಮುಂದೆ ಹುಳದ ತಂಟೆಗೆ ಹೋಗುವುದಿಲ್ಲ, ದೃಷ್ಟಿ ಗಿಷ್ಟಿ ತೆಗೆಯುವುದಿಲ್ಲ ಎಂದು ನಾವು ನಾಲ್ವರೂ ನಿಮ್ಮಪ್ಪನ ಮುಂದೆ ಪ್ರಮಾಣ ಮಾಡಿದೆವು. ಮಣಲಿಯ ಆ ಒಂಟಿ ಹುಳದ ಇನ್ನೊಂದು ಕಾಲನ್ನು ಕೊನೆಯ ಪರೀಕ್ಷೆಗೆ ಕೊಡುವ ದಿನ ಬಂತು. ನಿಮ್ಮಪ್ಪ ಥರ್ಮೋಕೋಲ್ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಬಾಗಿಲು ತೆರೆದರೆ ಎದುರಿಗೆ ಮಾಮಿ. "ಡಬ್ಬಾ ರೊಂಬ ಅಳಗಾ ಇರುಕ್ಕೇ! ಉಳ್ಳೇ ಎನ್ನ?" ಎಂದರು. ಡಬ್ಬಿ ತುಂಬ ಚೆನ್ನಾಗಿದೆಯಂತೆ, ಒಳಗೇನಿದೆ ಎಂದು ಬೇರೆ ಕೇಳುತ್ತಾರೆ. ನಿಮ್ಮಮ್ಮ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಇಬ್ಬರೂ ಪ್ರಮಾಣ ಮಾಡಿದವರು. ನಿಮ್ಮಪ್ಪ ಬೀದಿಗಿಳಿದು ಹೊರಟರು. ನನಗೆ ನಾಲಿಗೆ ತುರಿಸತೊಡಗಿತು. ನಂಬಿಕೆ ಏನಿಲ್ಲ, ಆದರೂ ಆ ಹುಳ ಹೊಸದೋ ಅಲ್ಲವೋ ಎಂದು ಇನ್ನೂ ತೀರ್ಮಾನವಾಗಿರಲಿಲ್ಲ, ನೋಡಿ. ಬಟ್ಟೆ ತೆಗೆಯುವವಳ ಹಾಗೆ ಬಾಲ್ಕನಿಗೆ ಹೋದೆ. ನಾನೇನು ಹಳೆಯ ಕಾಲದವಳಲ್ಲ, ಇಷ್ಟೆಲ್ಲ ಆದ ಮೇಲೆ ನನಗೂ ಸ್ವಲ್ಪ ವಿಜ್ಞಾನ ಗೊತ್ತು. ಮೊದಲು ತಂತಿಯ ಮೇಲಿನ ಸೀರೆ ಯಾವ ಕಡೆಗೆ ಹಾರುತ್ತಿದೆ ಎಂದು ನೋಡಿದೆ. ಗಾಳಿ ಅವರು ಹೋಗುತ್ತಿದ್ದ ಕಡೆಯಿಂದ ನಮ್ಮ ಮನೆಯ ಕಡೆಗೆ ಬೀಸುತ್ತಿತ್ತು, ಡಬ್ಬಿಗೆ ಒಂದು ಹನಿಯೂ ತಾಗುವ ಭಯವಿರಲಿಲ್ಲ. ಧೈರ್ಯವಾಗಿ ತೂ ತೂ ತೂ ಎಂದೆ. ನನ್ನ ವಿಜ್ಞಾನ ಎಳ್ಳಷ್ಟೂ ತಪ್ಪಲಿಲ್ಲ. ಎಲ್ಲವೂ ಬಂದು ನನ್ನ ಮುಖದ ಮೇಲೇ ಬಿತ್ತು.